ಕ್ಲಾಸ್ ಮುಗಿದ ಮೇಲೆ ಎಲ್ಲಿಗೆ? ಸೆಟ್, ಛತ್ರ, ನಾಟಕದ ತಾಲೀಮು, ಎಡಿಟಿಂಗ್ ರೂಮ್: ಸಿನಿಮಾ ವಿದ್ಯಾರ್ಥಿಗೊಂದು ಹೋಲಿಕೆ

ಪ್ರತಿ ವರ್ಷ ಕಾಲೇಜು ಶುರುವಾಗಿ ಎರಡು ತಿಂಗಳಾಗುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಥರದ ಮೆಸೇಜು ಬರಲು ಶುರುವಾಗುತ್ತದೆ. "ಸಾರ್, ಫಿಲ್ಮ್ ಕೋರ್ಸ್ ಸೇರಿದ್ದೀನಿ. ಯಾವುದಾದ್ರೂ ಸಿನಿಮಾ ಸೆಟ್‌ಗೆ ಸೇರಿಸ್ತೀರಾ?" ಸೆಟ್ ಬಿಟ್ಟು ಬೇರೇನನ್ನೂ ಯಾರೂ ಕೇಳುವುದಿಲ್ಲ. ತಪ್ಪೇನಿಲ್ಲ, ತಿಪಟೂರಿನಿಂದ ಬೆಂಗಳೂರಿಗೆ ಬಂದು ಕೋರ್ಸ್ ಸೇರಿದಾಗ ನಾನೂ ಇದನ್ನೇ ಕೇಳಿಕೊಂಡು ಗಾಂಧಿನಗರ ಸುತ್ತಿದವನು. ಈಗ ಎಡಿಟಿಂಗ್ ಮಾಡುತ್ತಿದ್ದೇನೆ. ಹನ್ನೊಂದು ವರ್ಷವಾಯಿತು. ಹಿಂದೆ ತಿರುಗಿ ಲೆಕ್ಕ ಹಾಕಿದರೆ ನನಗೆ ಎಲ್ಲಕ್ಕಿಂತ ಕಡಿಮೆ ಕಲಿಸಿದ್ದು ಆ ಮೊದಲ ದೊಡ್ಡ ಸೆಟ್ಟು. ಜಾಸ್ತಿ ಕಲಿಸಿದ್ದು ಮದುವೆ ಛತ್ರ. ಹೇಳಿದರೆ ಹುಡುಗರಿಗೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ.

ಕ್ಲಾಸಿನ ಹೊರಗೆ ಹೋಗಿ ಕಲಿಯುವುದು ಈ ಊರಿಗೆ ಹೊಸದೇನಲ್ಲ. ಬೆಂಗಳೂರಿನ ಎಸ್‌ಜೆಪಿ, ಅಂದರೆ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1943ರಲ್ಲೇ ಸಿನಿಮಾಟೋಗ್ರಫಿ ಕೋರ್ಸ್ ಶುರುವಾಯಿತು. ಆಮೇಲೆ ಅದೇ ವಿಭಾಗ ಹೆಸರಘಟ್ಟಕ್ಕೆ ಹೋಗಿ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಾಯಿತು. ಮೈಸೂರಿನ ವಿ. ಕೆ. ಮೂರ್ತಿ ಓದಿದ್ದು ಅಲ್ಲೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಆದರೆ ಡಿಪ್ಲೊಮಾ ಕೈಗೆ ಬಂದ ಕೂಡಲೇ ಅವರೇನೂ ಛಾಯಾಗ್ರಾಹಕರಾಗಲಿಲ್ಲ. ಬಾಂಬೆಗೆ ಹೋಗಿ ಛಾಯಾಗ್ರಾಹಕ ಫಾಲಿ ಮಿಸ್ತ್ರಿ ಅವರ ಕೈಕೆಳಗೆ ಸಹಾಯಕರಾಗಿದ್ದರು. ಮುಂದೆ ಇದೇ ಎಸ್‌ಜೆಪಿಯಲ್ಲಿ ಓದಿದ ನಿರ್ದೇಶಕ ಗೋವಿಂದ ನಿಹಲಾನಿ ಹೋಗಿ ಸೇರಿದ್ದು ಮೂರ್ತಿ ಅವರ ಹತ್ತಿರ, ಸಹಾಯಕರಾಗಿಯೇ. ಇಬ್ಬರೂ ಮೊದಲು ಒಬ್ಬರ ಪಕ್ಕ ನಿಂತು ಕೆಲಸ ನೋಡಿದವರು.

ಹಾಗಾದರೆ ಯಾರ ಪಕ್ಕ ನಿಲ್ಲಬೇಕು? ಅದಕ್ಕೆ ಮೊದಲು ನಿಮಗೆ ಏನು ಬರುವುದಿಲ್ಲ ಅಂತ ಗೊತ್ತಾಗಬೇಕು. ಕಾಲೇಜಿನಲ್ಲಿ ಮಾಡಿದ ಕಳೆದ ಎಕ್ಸರ್‌ಸೈಜ್ ತೆಗೆದು, ಗೆಳೆಯರು ಇಲ್ಲದಾಗ ಒಬ್ಬರೇ ನೋಡಿ. ನಟನೆ ಕಟ್ಟಿಗೆಯ ಥರ ಇದೆಯಾ? ಮಾತು ಕೇಳಿಸುತ್ತಿಲ್ಲವಾ? ಚೆಂದದ ಶಾಟ್‌ಗಳಿದ್ದೂ ಒಂದಕ್ಕೊಂದು ಅಂಟುತ್ತಿಲ್ಲವಾ? ಒಂದೊಂದು ತೊಂದರೆಗೂ ಹೋಗಬೇಕಾದ ಜಾಗ ಬೇರೆ.

ದೊಡ್ಡ ಸೆಟ್: ಹೆಸರು ಜಾಸ್ತಿ, ಕಲಿಕೆ ಕಮ್ಮಿ

ನನ್ನ ಮೊದಲ ಸಿನಿಮಾದಲ್ಲಿ 22 ದಿನ ಇದ್ದೆ. ಅದರಲ್ಲಿ 14 ದಿನ ರಸ್ತೆಯ ತುದಿಯಲ್ಲಿ ನಿಂತು ಬೈಕ್ ತಡೆಯುವ ಕೆಲಸ. "ಅಣ್ಣ, ಎರಡೇ ನಿಮಿಷ, ಶಾಟ್ ನಡೀತಿದೆ." ಎರಡು ನಿಮಿಷ ಇಪ್ಪತ್ತಾಗುತ್ತಿತ್ತು, ಬೈಗುಳ ಎಲ್ಲ ನನಗೇ. ಮಾನಿಟರ್ ನೋಡಿದ್ದು ಎರಡೇ ಸಲ. ಎರಡು ಸಲವೂ ಅದಕ್ಕೆ ಬಿಸಿಲು ಬೀಳದಂತೆ ಛತ್ರಿ ಹಿಡಿಯಲು ಕರೆದಿದ್ದರು. ನಾನು ಬೈಕ್ ತಡೆದ ಶಾಟ್ ಹೇಗೆ ಬಂದಿದೆ ಅಂತ ಗೊತ್ತಾಗಿದ್ದು ಥಿಯೇಟರಿನಲ್ಲಿ. ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದ ದಿನದ ಫೋಟೊದಲ್ಲಿ ನನ್ನ ಅರ್ಧ ಕಿವಿ ಮಾತ್ರ ಇದೆ.

ಹಾಗಂತ ಸೆಟ್ ದಂಡ ಅಲ್ಲ. ಕಾಲ್‌ಶೀಟ್ ಹೇಗೆ ಓಡುತ್ತದೆ, ಬಾಟಾ, ಅಂದರೆ ದಿನದ ಭತ್ಯೆ, ಯಾರಿಗೆ ಎಷ್ಟು ಹೊತ್ತಿಗೆ ಸಿಗಬೇಕು, ಲೈಟ್ ಸರಿಸುವಾಗ ಯಾರಿಗೆ ಹೇಳಬೇಕು, ಯಾರ ಹತ್ತಿರ ಯಾವಾಗ ಮಾತಾಡಬಾರದು, ಇವೆಲ್ಲ ಪುಸ್ತಕದಲ್ಲಿ ಸಿಗುವುದಿಲ್ಲ. ಕ್ಯಾಮೆರಾ ಹಿಂದೆ ನಿಂತ ಹಳೆಯ ಲೈಟ್ ಹುಡುಗರ ಹತ್ತಿರ ಇರುವ ಬುದ್ಧಿ ಎಷ್ಟೋ ಮೇಷ್ಟ್ರ ಹತ್ತಿರ ಇರುವುದಿಲ್ಲ. ಬಿಳಿ ಥರ್ಮಾಕೋಲ್ ಶೀಟ್ ಹಿಡಿದು ಮುಖದ ನೆರಳನ್ನು ಒಂದು ಗೇಣು ಸರಿಸುವುದನ್ನು ನಾನು ನೋಡಿದ್ದು ಅವರಿಂದ. ಆದರೆ ಇಷ್ಟನ್ನು ಕಲಿಯಲು ಹತ್ತು ದಿನ ಸಾಕು. ಅರವತ್ತು ದಿನದ ಶೆಡ್ಯೂಲ್ ಪೂರ್ತಿ ಇದ್ದು ಕ್ಲಾಸ್ ಹಾಜರಾತಿ ಕಳೆದುಕೊಳ್ಳುವುದು ಬೇಡ.

ಆಯ್ಕೆ ಇದ್ದರೆ ಚಿಕ್ಕ ಸಿನಿಮಾ ಹಿಡಿಯಿರಿ. ಸ್ಟಾರ್ ಸಿನಿಮಾದ ಡೈರೆಕ್ಷನ್ ಟೀಮಿನಲ್ಲಿ ನೀವು ಏಳನೆಯವರು. ಇಪ್ಪತ್ತೈದು ಜನರ ಯುನಿಟ್‌ನಲ್ಲಿ ಎರಡನೆಯ ದಿನವೇ ಕ್ಲಾಪ್ ನಿಮ್ಮ ಕೈಗೆ ಬರುತ್ತದೆ. ಡೈರೆಕ್ಷನ್ ಟೀಮ್ ತುಂಬಿದ್ದರೆ ಆರ್ಟ್ ಅಥವಾ ಕಾಸ್ಟ್ಯೂಮ್ ವಿಭಾಗ ಕೇಳಿ. ಅಲ್ಲಿ ಯಾವಾಗಲೂ ಜನ ಸಾಲದು. ಸ್ಕ್ರಿಪ್ಟನ್ನು ನಿಜವಾಗಿ ಓದಿಕೊಂಡಿರುವವರೂ ಅವರೇ.

ಇನ್ನೊಂದು ಮಾತು, ತಮಾಷೆಯದ್ದಲ್ಲ. 1989ರಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಧಾರಾವಾಹಿ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ, ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿದ ಇಬ್ಬರು ನಟರು ಮುಳುಗಿ ಹೋದರು. ಸೆಟ್‌ಗೆ ಹೋದ ಮೊದಲ ದಿನ ಹೊರಗೆ ಹೋಗುವ ದಾರಿ ಎಲ್ಲಿದೆ ನೋಡಿಕೊಳ್ಳಿ. ಮಳೆಯಲ್ಲಿ ಜನರೇಟರ್ ಕೇಬಲ್ ಎಳಿ ಅಂದರೆ, ಟೆರೇಸಿನ ಅಂಚಿಗೆ ಹೋಗಿ ರಿಫ್ಲೆಕ್ಟರ್ ಹಿಡಿ ಅಂದರೆ, "ಆಗಲ್ಲ ಸಾರ್" ಅನ್ನಿ. ಬೈದರೆ ಬೈಯಲಿ.

ಸೀರಿಯಲ್: ದಿನಾ ಪರೀಕ್ಷೆ

ಸಿನಿಮಾದವರು ಸೀರಿಯಲ್ ಅಂದರೆ ಮೂಗು ಮುರಿಯುತ್ತಾರೆ. ಕಲಿಯುವವರು ಮುರಿಯಬಾರದು. ಸಿನಿಮಾದಲ್ಲಿ ದಿನಕ್ಕೆ ಎರಡು ಮೂರು ನಿಮಿಷದ ಫೂಟೇಜ್ ಸಿಕ್ಕರೆ ಒಳ್ಳೆಯ ದಿನ. ಸೀರಿಯಲ್‌ನಲ್ಲಿ ಹೆಚ್ಚುಕಮ್ಮಿ ಒಂದು ದಿನಕ್ಕೆ ಒಂದು ಎಪಿಸೋಡ್ ಮುಗಿಯಬೇಕು. ಟೆಲಿಕಾಸ್ಟ್ ಕಾಯುವುದಿಲ್ಲ. ಬಾಡಿಗೆ ಮನೆಯೊಂದರ ಹಾಲ್‌ನಲ್ಲಿ ಎರಡು ಮೂರು ಕ್ಯಾಮೆರಾ ಇಟ್ಟುಕೊಂಡು ಅತ್ತೆ, ಸೊಸೆ, ಪೂಜೆ ಸಾಮಾನು, ಎಲ್ಲವನ್ನೂ ಸಂಜೆಯೊಳಗೆ ಮುಗಿಸುವ ಡೈರೆಕ್ಟರ್‌ಗಳನ್ನು ನೋಡಿದರೆ ಸಮಯ ಅಂದರೇನು ಅಂತ ತಿಳಿಯುತ್ತದೆ.

ಇಲ್ಲಿ ಕಲಿಯಬೇಕಾದ್ದು ಕಂಟಿನ್ಯುಟಿ. ಬಾಗಿಲ ಹೊರಗಿನ ಸೀನ್ ಇವತ್ತು, ಒಳಗಿನದ್ದು ಹನ್ನೊಂದು ದಿನ ಬಿಟ್ಟು. ಸೊಸೆ ಸೆರಗು ಸಿಕ್ಕಿಸಿಕೊಂಡಿದ್ದಳಾ, ಬಿಟ್ಟಿದ್ದಳಾ? ಬಲಗೈಯಲ್ಲಿ ಎಷ್ಟು ಬಳೆ? ಹಾಲಿನ ಲೋಟ ಎಷ್ಟು ತುಂಬಿತ್ತು? ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೂ ಅದನ್ನು ಸರಿಯಾದ ಹೆಸರಿನಲ್ಲಿ ಇಡದಿದ್ದರೆ ಹುಡುಕುವಷ್ಟರಲ್ಲಿ ಲಂಚ್ ಬ್ರೇಕ್ ಆಗಿರುತ್ತದೆ. ಮೂರು ವಾರ ಈ ಕೆಲಸ ಮಾಡಿದವರಿಗೆ ತಮ್ಮ ಸಿನಿಮಾದಲ್ಲಿ ಶಾಟ್‌ಗಳು ಯಾಕೆ ಅಂಟುವುದಿಲ್ಲ ಅನ್ನುವುದು ಅರ್ಧ ಅರ್ಥವಾಗುತ್ತದೆ. ಉಳಿದರ್ಧ ಎಡಿಟಿಂಗ್ ರೂಮಿನಲ್ಲಿ.

ಆದರೆ ಮೂರು ತಿಂಗಳ ಮೇಲೆ ನಿಲ್ಲಬೇಡಿ. ಎಲ್ಲರ ಮುಖಕ್ಕೂ ಒಂದೇ ಸಮನೆ ಬೆಳಕು, ಪ್ರತಿ ಮಾತಿಗೂ ಮೂರು ರಿಯಾಕ್ಷನ್. ಇದು ಅಭ್ಯಾಸವಾಗಿಬಿಟ್ಟರೆ ಬಿಡಿಸಿಕೊಳ್ಳುವುದು ಕಷ್ಟ.

ಮದುವೆ ಛತ್ರ: ಎರಡನೇ ಟೇಕ್ ಇಲ್ಲ

ಈಗ ನನ್ನ ಇಷ್ಟದ ಜಾಗಕ್ಕೆ ಬಂದೆ. "ಸಿನಿಮಾ ಓದೋನು ಮದುವೆ ವಿಡಿಯೋ ತೆಗಿಯೋದಾ?" ಅಂತ ನಮ್ಮಪ್ಪನೇ ಕೇಳಿದ್ದರು. ಕುಣಿಗಲ್ ಹತ್ತಿರದ ಒಂದು ಛತ್ರ. ಬೆಳಿಗ್ಗೆ ಐದೂವರೆಗೆ ಹಾಜರಿ. ನಾನು ಎರಡನೆಯ ಕ್ಯಾಮೆರಾ. ಎಲ್ಲ ಸರಿಯಾಗಿತ್ತು, ಫೋಕಸ್ ಹೆಣ್ಣಿನ ಮುಖದ ಮೇಲೆ. "ಗಟ್ಟಿಮೇಳ, ಗಟ್ಟಿಮೇಳ" ಅಂತ ಪುರೋಹಿತರು ಕೂಗಿದರು. ಕೂತಿದ್ದವರೆಲ್ಲ ಅಕ್ಷತೆ ಹಿಡಿದು ಒಟ್ಟಿಗೆ ಎದ್ದು ನಿಂತರು. ನನ್ನ ಫ್ರೇಮಿನಲ್ಲಿ ಉಳಿದದ್ದು ಯಾರೋ ಚಿಕ್ಕಪ್ಪನ ಬಿಳಿ ಶರ್ಟಿನ ಬೆನ್ನು. ತಾಳಿ ಕಟ್ಟಿದ್ದು ಮುಗಿದೇ ಹೋಯಿತು. "ಇನ್ನೊಂದ್ಸಲ ಕಟ್ಟಿ" ಅಂತ ಕೇಳೋಕಾಗುತ್ತಾ?

ಮೊದಲ ಕ್ಯಾಮೆರಾದ ಅಣ್ಣ ಆಗಲೇ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಮೇಲೆ ನಿಂತಿದ್ದರು. ಅವರಿಗೆ ಶಾಟ್ ಸಿಕ್ಕಿತ್ತು. ಊಟಕ್ಕೆ ಕೂತಾಗ ಹೇಳಿದರು: "ಹುಡುಗಿ ಮುಖ ನೋಡ್ತಾ ನಿಂತ್ಕೋಬೇಡ ಕಣೋ. ತಟ್ಟೆ ನೋಡು." ತಾಳಿ ಇಟ್ಟ ತಟ್ಟೆ ಹಿರಿಯರ ಮುಂದೆ ಸುತ್ತುತ್ತದೆ. ಎಲ್ಲರೂ ಮುಟ್ಟಿ ನಮಸ್ಕಾರ ಮಾಡುತ್ತಾರೆ. ಅದು ಮಂಟಪದ ಕಡೆ ತಿರುಗಿತು ಅಂದರೆ ನಿಮಗೆ ಇನ್ನು ಒಂದು ನಿಮಿಷ ಇದೆ. ಅಷ್ಟರೊಳಗೆ ಸ್ಟೂಲ್ ಹತ್ತಬೇಕು, ರೆಕಾರ್ಡರ್ ಲೆವೆಲ್ ಇಳಿಸಬೇಕು. ಮಂತ್ರಕ್ಕೆ ಅಂತ ಮೈನಸ್ 12 ಡೆಸಿಬೆಲ್ ಹತ್ತಿರ ಇಟ್ಟುಕೊಂಡ ಲೆವೆಲ್ ವಾಲಗದವರು ಡೋಲಿಗೆ ಕೈ ಹಾಕಿದ ಕೂಡಲೇ ಒಡೆದುಹೋಗುತ್ತದೆ. ಆಮೇಲೆ ಪುರೋಹಿತರ ಕೈ. ಅದು ವಾಲಗದವರ ಕಡೆ ಎದ್ದಾಗ ಕ್ಯಾಮೆರಾ ಓಡುತ್ತಿರಲೇಬೇಕು.

ಮುಂದೆ ಏನಾಗುತ್ತದೆ ಅಂತ ಒಂದು ನಿಮಿಷ ಮೊದಲೇ ತಿಳಿದುಕೊಂಡು ನಿಲ್ಲುವುದು. ಡಾಕ್ಯುಮೆಂಟರಿ ಕ್ಲಾಸಿನಲ್ಲಿ ಒಂದು ಸೆಮಿಸ್ಟರ್ ಹೇಳಿದ್ದು ನನಗೆ ಆ ಊಟದ ಎಲೆಯ ಮುಂದೆ ಅರ್ಥವಾಯಿತು.

ಛತ್ರದಲ್ಲಿ ಕಲಿಯುವ ಚಿಕ್ಕ ವಿಷಯಗಳೂ ಸಾಕಷ್ಟಿವೆ. ಸ್ಟೇಜಿನ ಅಗ್ಗದ ಎಲ್‌ಇಡಿ ದೀಪಗಳು ವಿಡಿಯೋದಲ್ಲಿ ಮಿಣುಕುತ್ತವೆ. ನಮ್ಮ ಕರೆಂಟು 50 ಹರ್ಟ್ಸ್. ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಹೆಚ್ಚಿನ ಕಡೆ ಸರಿಹೋಗುತ್ತದೆ. ಕಿಟಕಿ ಬೆಳಕು, ಟ್ಯೂಬ್‌ಲೈಟ್, ಹಳದಿ ಬಲ್ಬು, ಮೂರೂ ಇರುವ ಕಡೆ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಅತ್ತೆಯ ಮುಖ ನೀಲಿ, ಮಾವನ ಮುಖ ಹಳದಿ. ಸಂಜೆ ಆರತಕ್ಷತೆಯ ಹೊತ್ತಿಗೆ ಎಲ್ಲ ಬ್ಯಾಟರಿ ಖಾಲಿ. ಚಾರ್ಜರ್ ಹಾಕಲು ಪ್ಲಗ್ ಪಾಯಿಂಟ್ ಹುಡುಕಿದರೆ ಅಲ್ಲಿ ಐಸ್‌ಕ್ರೀಮ್‌ನವರ ಫ್ರೀಜರ್. ಇದೂ ಪ್ರೊಡಕ್ಷನ್ ಪಾಠವೇ.

ದುಡ್ಡಿನ ಮಾತಿಗೆ ಬಂದರೂ ಇದೇ ಮುಂದೆ. ಆಗ ನನಗೆ ದಿನಕ್ಕೆ 800 ರೂಪಾಯಿ, ಎರಡು ಹೊತ್ತು ಹೋಳಿಗೆ ಊಟ. ಸಿನಿಮಾ ಸೆಟ್‌ನಲ್ಲಿ ಊಟ ಮಾತ್ರ ಸಿಕ್ಕಿತ್ತು.

ತೊಂದರೆಯೂ ಇದೆ. ಇಲ್ಲಿ ಯಾರನ್ನೂ ನಟಿಸುವಂತೆ ಮಾಡುವುದು ಕಲಿಯುವುದಿಲ್ಲ. ಹೊಸ ಸ್ಟೈಲಿನ ಕ್ಯಾಂಡಿಡ್ ಟೀಮ್‌ಗೆ ಹೋದರೆ ಎಲ್ಲವೂ ಸ್ಲೋ ಮೋಷನ್, ಎಲ್ಲದಕ್ಕೂ ಒಂದೇ ಹಾಡು. ಸಾಧ್ಯವಾದರೆ ಹಳೆಯ ಕಾಲದ ಸ್ಟುಡಿಯೋದವರ ಜೊತೆ ಹೋಗಿ. ಬೆಳಗಿನಿಂದ ರಾತ್ರಿವರೆಗೆ ಪೂರ್ತಿ ಮದುವೆ ತೆಗೆಯುವವರು ಅವರು. ಎಂಟು ಹತ್ತು ಮದುವೆ ಸಾಕು.

ನಾಟಕದ ತಾಲೀಮು: ನಟರ ಭಯ ಹೋಗುವ ಜಾಗ

ವಿದ್ಯಾರ್ಥಿ ಕಿರುಚಿತ್ರಗಳನ್ನು ಎಡಿಟ್ ಮಾಡಿಕೊಡಿ ಅಂತ ತರುತ್ತಾರಲ್ಲ, ಅವುಗಳಲ್ಲಿ ಹತ್ತಕ್ಕೆ ಎಂಟರ ಸಮಸ್ಯೆ ಕ್ಯಾಮೆರಾ ಅಲ್ಲ. ಈಗಿನ ಹುಡುಗರು ಚೆನ್ನಾಗಿಯೇ ಶೂಟ್ ಮಾಡುತ್ತಾರೆ. ನಟರಿಗೆ ಏನು ಹೇಳಬೇಕು ಅಂತ ಗೊತ್ತಿರುವುದಿಲ್ಲ. "ಸ್ವಲ್ಪ ಫೀಲ್ ಮಾಡಿ" ಅನ್ನುವುದು ಕೇಳಿಸುತ್ತದೆ ಟ್ರ್ಯಾಕಿನಲ್ಲಿ. ಪಾಪ, ಏನನ್ನು ಫೀಲ್ ಮಾಡಬೇಕು?

ಇದಕ್ಕೆ ಔಷಧಿ ಹವ್ಯಾಸಿ ನಾಟಕ ತಂಡ. ಬೆಂಗಳೂರಿನಲ್ಲಿ 70ರ ದಶಕದಿಂದ ನಡೆದುಬಂದ ಸಮುದಾಯ, ಬೆನಕದಂಥ ತಂಡಗಳಿವೆ. ಅವಲ್ಲದೆ ಪ್ರತಿ ಬಡಾವಣೆಯಲ್ಲೂ ಆಫೀಸು ಮುಗಿಸಿಕೊಂಡು ಬಂದು ಶಾಲೆಯ ರೂಮಿನಲ್ಲಿ ತಾಲೀಮು ಮಾಡುವ ಚಿಕ್ಕ ತಂಡಗಳಿವೆ. ಕೇಳಿದರೆ ಇಲ್ಲ ಅನ್ನುವುದಿಲ್ಲ, ಯಾಕೆಂದರೆ ಅವರಿಗೆ ಯಾವಾಗಲೂ ಒಬ್ಬ ಪ್ರಾಂಪ್ಟರ್, ಅಂದರೆ ಮಾತು ಮರೆತಾಗ ನೆನಪಿಸುವವರು, ಬೇಕು. ಸ್ಕ್ರಿಪ್ಟ್ ಹಿಡಿದು ಮೂಲೆಯಲ್ಲಿ ಕೂತುಕೊಳ್ಳಿ. ಒಂದೇ ಸೀನನ್ನು ನಲವತ್ತು ಸಂಜೆ ನೋಡುತ್ತೀರಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಮೊದಲ ವಾರ ಮಾತು ಒಪ್ಪಿಸುತ್ತಿರುತ್ತಾರೆ. ಮೂರನೆಯ ವಾರ ನಿರ್ದೇಶಕರು "ಈ ಮಾತು ಹೇಳ್ತಾ ಚಪ್ಪಲಿ ಹುಡುಕಿ" ಅನ್ನುತ್ತಾರೆ. ಅಷ್ಟೇ. ಮಾತು ತಾನಾಗಿ ಮಾತಾಗುತ್ತದೆ. ನಟರಿಗೆ ಭಾವನೆ ಹೇಳಬೇಡಿ, ಕೆಲಸ ಕೊಡಿ ಅನ್ನುವುದನ್ನು ನಾನು ಹೀಗೆ ನೋಡಿ ಕಲಿತೆ.

ಜೆ.ಪಿ. ನಗರದ ರಂಗಶಂಕರ ನಾಟಕಮಂದಿರ 2004ರಿಂದ ಇದೆ. ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ ಅನ್ನುವುದು ಅಲ್ಲಿನ ಹೆಸರಾದ ನಿಯಮ. ನಾನು ಎರಡು ಸಲ ಟಿಕೆಟ್ ಹಿಡಿದು ಹೊರಗೆ ನಿಂತು ಕಾಫಿ ಕುಡಿದಿದ್ದೇನೆ. ದೂರ ಹೋಗಲು ಆಗುವುದಾದರೆ ಸಾಗರದ ಹತ್ತಿರದ ಹೆಗ್ಗೋಡು. 1949ರಲ್ಲಿ ಶುರುವಾದ ನೀನಾಸಂ ಬರೀ ನಾಟಕದ ಜಾಗ ಅಲ್ಲ. ಕೆ. ವಿ. ಸುಬ್ಬಣ್ಣ ಅವರು 70ರ ದಶಕದಲ್ಲೇ ಆ ಹಳ್ಳಿಯಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದವರು. ಅಲ್ಲಿನ ಪೂರ್ತಿ ಕೋರ್ಸ್ ನಿಮಗೆ ಆಗದಿದ್ದರೂ ಸಂಸ್ಕೃತಿ ಶಿಬಿರಕ್ಕೆ ಹೋಗಬಹುದು. ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ಸಾಗರ. ಊರೂರು ಸುತ್ತುವ ಅವರ ತಿರುಗಾಟದ ನಾಟಕ ನಿಮ್ಮೂರಿಗೇ ಬಂದರಂತೂ ಸೆಟ್ ಇಳಿಸುವುದರಿಂದ ಹಿಡಿದು ನೋಡಿ. ಒಂದೇ ಲಾರಿಯಲ್ಲಿ ಬಂದ ಸಾಮಾನಿನಲ್ಲಿ ಅರಮನೆ, ಕಾಡು, ಎಲ್ಲ ಆಗುತ್ತದೆ. ಬಜೆಟ್ ಇಲ್ಲ ಅಂತ ಅಳುವುದು ನಿಲ್ಲುತ್ತದೆ.

ದುಡ್ಡು ಮೂರು ಕಾಸೂ ಇಲ್ಲ. ಚಹಾ ಸಿಗುತ್ತದೆ. ನಾಟಕದ ನಟರ ಗಟ್ಟಿ ದನಿ ಕ್ಯಾಮೆರಾ ಮುಂದೆ ಜಾಸ್ತಿಯಾಗುತ್ತದೆ, ಅದನ್ನು ಇಳಿಸುವುದು ಬೇರೆ ಕೆಲಸ. ಆದರೂ ಡೈರೆಕ್ಷನ್ ಮಾಡಬೇಕು ಅನ್ನುವವರಿಗೆ ಸೆಟ್ಟೋ ನಾಟಕವೋ ಅಂತ ಕೇಳಿದರೆ ನನ್ನ ಉತ್ತರ ನಾಟಕ, ಎರಡನೇ ಮಾತಿಲ್ಲ.

ಎಡಿಟಿಂಗ್ ರೂಮ್: ಎಲ್ಲರ ತಪ್ಪೂ ಬಂದು ಬೀಳುವ ಕಡೆ

ಇದು ನನ್ನ ಹೊಟ್ಟೆಪಾಡು, ಹಾಗಾಗಿ ಪಕ್ಷಪಾತ ಇರಬಹುದು. ಕೆಲಸ ಬೇಸರದ್ದು. ಕ್ಯಾಮೆರಾದ ಮೆಮೊರಿ ಕಾರ್ಡು ಬಂದ ಕೂಡಲೇ ಕಾಪಿ, ಒಂದಲ್ಲ ಮೂರು. ಹೆಸರಿಡುವುದು: ಸೀನ್ 12, ಶಾಟ್ 4, ಟೇಕ್ 3. ಕ್ಲಾಪ್ ಬಡಿದ ಫ್ರೇಮಿಗೆ ಸೌಂಡ್ ಸೇರಿಸುವುದು, ಅಂದರೆ ಸಿಂಕ್. ಮೊದಲ ತಿಂಗಳು ಇಷ್ಟೇ. ಆದರೆ ಕಣ್ಣ ಮುಂದೆ ಹೋಗುವುದು ಪೂರ್ತಿ ಫೂಟೇಜು. "ಆಕ್ಷನ್" ಅನ್ನುವುದಕ್ಕೆ ಮೊದಲಿನದ್ದು, "ಕಟ್" ಆದ ಮೇಲಿನದ್ದು, ಎಲ್ಲವೂ. ಯಾವ ನಿರ್ದೇಶಕರು ನಟರಿಗೆ ಹೇಗೆ ಹೇಳುತ್ತಾರೆ, ಐದನೆಯ ಟೇಕ್‌ಗೆ ಯಾಕೆ ಎಲ್ಲ ಸತ್ತುಹೋಯಿತು, ಅನ್ನುವುದೆಲ್ಲ ದಾಖಲಾಗಿರುತ್ತದೆ. ಸೆಟ್‌ನಲ್ಲಿ ರಸ್ತೆ ಕಾಯುತ್ತಾ ನಿಂತಿದ್ದವನಿಗೆ ಇದು ಕಾಣಿಸುತ್ತಿರಲಿಲ್ಲ.

ಒಮ್ಮೆ ಒಂದು ಸೀನ್. ತಾಯಿ ಬಾಗಿಲಲ್ಲಿ ನಿಂತು ಮಗ ಹೋಗುವುದನ್ನು ನೋಡುತ್ತಾಳೆ. ಆರು ಟೇಕ್, ಆರರಲ್ಲೂ ಅಳು. ಯಾವುದೂ ನಾಟಲಿಲ್ಲ. ಕೊನೆಗೆ ಇಟ್ಟದ್ದು ಎರಡನೆಯ ಟೇಕಿನಲ್ಲಿ "ಕಟ್" ಅಂದ ಮೇಲಿನ ಮೂರು ಸೆಕೆಂಡು. ಆ ನಟಿ ಅಳು ನಿಲ್ಲಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಒಳಗೆ ತಿರುಗಿದ್ದರು. ಅಷ್ಟೇ ಸಾಕಾಯಿತು. ಅವತ್ತಿನಿಂದ ನಾನು ಶೂಟ್ ಮಾಡುವವರಿಗೆಲ್ಲ ಹೇಳುವುದೊಂದೇ: ಕಟ್ ಅಂದ ಕೂಡಲೇ ಕ್ಯಾಮೆರಾ ಆಫ್ ಮಾಡಬೇಡಿ.

ಸೌಂಡ್ ಕಡೆ ಮನಸ್ಸಿದ್ದರೆ ಡಬ್ಬಿಂಗ್ ಸ್ಟುಡಿಯೋ ಇನ್ನೂ ಒಳ್ಳೆಯದು. ನಮ್ಮಲ್ಲಿ ಇವತ್ತಿಗೂ ಎಷ್ಟೋ ಸಿನಿಮಾಗಳ ಮಾತು ಆಮೇಲೆ ಡಬ್ ಆಗುವುದೇ. ಹತ್ತು ದಿನ ಗಾಜಿನಾಚೆ ಕೂತರೆ ತುಟಿಗೆ ಮಾತು ಕೂರಿಸುವುದು, ಉಸಿರು ಎಲ್ಲಿ ಬಿಡಬೇಕು ಅನ್ನುವುದು ಕಿವಿಗೆ ಹತ್ತುತ್ತದೆ. ಕ್ಯಾಮೆರಾದವರಿಗೆ ಇದೇ ಥರದ ಜಾಗ ಅಂದರೆ ಕ್ಯಾಮೆರಾ ಬಾಡಿಗೆ ಕೊಡುವ ಕಡೆ. ಲೆನ್ಸ್ ಒರೆಸುವುದು, ಬ್ಯಾಟರಿ ಎಣಿಸುವುದು, ವಾಪಸ್ ಬಂದ ಪೆಟ್ಟಿಗೆ ಪರೀಕ್ಷಿಸುವುದು. ಗ್ಲಾಮರ್ ಇಲ್ಲ. ಆದರೆ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಮುಟ್ಟಲು ಸಿಗುವ ಕ್ಯಾಮೆರಾ ದಿನಾ ಕೈಯಲ್ಲಿರುತ್ತದೆ.

ನೋಡುವುದೂ ಕೆಲಸವೇ: ಚಿತ್ರೋತ್ಸವ, ಫಿಲ್ಮ್ ಸೊಸೈಟಿ, ಊರು

ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ 2006ರಲ್ಲಿ ಶುರುವಾದದ್ದು. ವಿದ್ಯಾರ್ಥಿಗಳಿಗೆ ಪಾಸಿನಲ್ಲಿ ರಿಯಾಯಿತಿ ಇರುತ್ತದೆ. ಎಲ್ಲರೂ ಮಾಡುವ ತಪ್ಪು ಏನೆಂದರೆ ದಿನಕ್ಕೆ ಐದು ಸಿನಿಮಾ ನೋಡುವುದು. ಮೂರನೆಯ ದಿನ ಇರಾನಿನ ಕಥೆಗೂ ಪೋಲೆಂಡಿನ ಕಥೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ದಿನಕ್ಕೆ ಮೂರು ಸಾಕು. ಮಧ್ಯದ ಹೊತ್ತಿನಲ್ಲಿ ಅರ್ಧ ಪುಟ ಬರೆಯಿರಿ. ಕಥೆ ಬೇಡ, ಮರೆಯದ ಒಂದು ಶಾಟ್ ಮಾತ್ರ. ಕ್ಯಾಮೆರಾ ಎಲ್ಲಿತ್ತು, ಎಷ್ಟು ಹೊತ್ತು ಇತ್ತು, ಯಾವ ಸದ್ದು ಇತ್ತು.

ತಿರುವನಂತಪುರದ ಐಎಫ್‌ಎಫ್‌ಕೆ, ಅಂದರೆ ಕೇರಳದ ಅಂತರರಾಷ್ಟ್ರೀಯ ಚಿತ್ರೋತ್ಸವ, 1996ರಿಂದ ಇದೆ, ಡಿಸೆಂಬರಿನಲ್ಲಿ. ರೈಲಿನಲ್ಲಿ ಹೋಗಿ ನಾಲ್ಕು ಜನ ಒಂದು ರೂಮ್ ಹಿಡಿದರೆ ಖರ್ಚು ಕೈ ಕಚ್ಚುವುದಿಲ್ಲ. ಅಲ್ಲಿ ನನಗೆ ಸಿನಿಮಾಗಿಂತ ಕ್ಯೂ ಇಷ್ಟ. ಆಟೋ ಓಡಿಸುವವರು, ಕಾಲೇಜು ಹುಡುಗಿಯರು, ನಿವೃತ್ತ ಮೇಷ್ಟ್ರು, ಎಲ್ಲ ನಿಂತು ಜಗಳ ಆಡುತ್ತಾರೆ, ಒಂದು ಸಿನಿಮಾದ ಕೊನೆ ಸರಿಯಿತ್ತಾ ಇಲ್ಲವಾ ಅಂತ. ಗೋವಾದ ಇಫಿ (ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ) ದೊಡ್ಡದು, ಅತಿಥಿಗಳು ಜಾಸ್ತಿ. ಮೊದಲ ಸಲಕ್ಕಂತೂ ನಾನು ಕೇರಳವನ್ನೇ ಹೇಳುತ್ತೇನೆ.

ವರ್ಷಪೂರ್ತಿ ಬೇಕೆಂದರೆ ಫಿಲ್ಮ್ ಸೊಸೈಟಿ. ಬನಶಂಕರಿಯ ಸುಚಿತ್ರಾ 1971ರಿಂದ ನಡೆದುಬಂದಿದೆ. ಉತ್ಸವದಲ್ಲಿ ಸಿನಿಮಾ ಮುಗಿದ ಕೂಡಲೇ ಮುಂದಿನ ಹಾಲ್‌ಗೆ ಓಟ. ಸೊಸೈಟಿಯಲ್ಲಿ ದೀಪ ಹತ್ತಿದ ಮೇಲೂ ಜನ ಕೂತಿರುತ್ತಾರೆ. ಐವತ್ತು ವರ್ಷದಿಂದ ಸಿನಿಮಾ ನೋಡುತ್ತಾ ಬಂದವರ ಪಕ್ಕ ಕೂತು ಕೇಳುವುದು ಮೊಬೈಲಿನಲ್ಲಿ ಸಿಗುವ ಸಂಗತಿ ಅಲ್ಲ.

ಇನ್ನು ಊರು. ರಜೆಗೆ ಊರಿಗೆ ಹೋದಾಗ ಸುಮ್ನೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದ 'ತಿಥಿ' ಸಿನಿಮಾದ ನಟರು ಮಂಡ್ಯ ಜಿಲ್ಲೆಯ ಹಳ್ಳಿಯವರು, ಬಹುತೇಕ ಯಾರೂ ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ. ಅದನ್ನು ಬರೆದ ಈರೇಗೌಡರಿಗೆ ಆ ಜನರ ಮಾತು ಗೊತ್ತಿತ್ತು. ಸಂತೆ, ಯಕ್ಷಗಾನದ ರಾತ್ರಿ, ಕೆಎಸ್‌ಆರ್‌ಟಿಸಿ ಬಸ್ಸಿನ ಹಿಂದಿನ ಸೀಟು, ಇವೆಲ್ಲ ಪುಕ್ಕಟೆ. ಕೋಲ, ಪೂಜೆಗಳ ಹತ್ತಿರ ಮಾತ್ರ ಕೇಳದೆ ಕ್ಯಾಮೆರಾ ತೆಗೆಯಬೇಡಿ. ಬರೆದುಕೊಳ್ಳಲು ಯಾರ ಅಡ್ಡಿಯೂ ಇರುವುದಿಲ್ಲ.

ಸ್ವಂತ ಕಿರುಚಿತ್ರವೋ, ನಲವತ್ತೆಂಟು ಗಂಟೆಯ ಸ್ಪರ್ಧೆಯೋ

ಸ್ಪರ್ಧೆ ಒಂದು ಸಲ ಮಾಡಿ. ನಿದ್ದೆಗೆಟ್ಟು ಎರಡು ದಿನದಲ್ಲಿ ಬರೆದು, ಶೂಟ್ ಮಾಡಿ, ಕಳಿಸುವುದರಲ್ಲಿ ಮಜಾ ಇದೆ. ಮುಗಿಸುವುದು ಅಂದರೇನು ಅಂತ ತಿಳಿಯುತ್ತದೆ. ನಮ್ಮ ಕಾಲೇಜುಗಳಲ್ಲಿ ಮುಗಿಯದ ಕಿರುಚಿತ್ರಗಳೇ ಜಾಸ್ತಿ ಅಲ್ವಾ? ಆದರೆ ಮೂರನೆಯ ಸಲಕ್ಕೆ ಅದೊಂದು ಆಟವಾಗುತ್ತದೆ. ಎಲ್ಲ ಕಥೆಗೂ ಕೊನೆಯಲ್ಲಿ ಒಂದು ಟ್ವಿಸ್ಟ್.

ಸ್ವಂತ ಚಿತ್ರಕ್ಕೆ ನಾನು ಹಾಕುವ ಷರತ್ತು: ಐದು ನಿಮಿಷ, ಇಬ್ಬರು, ಒಂದು ಮನೆ. ಮೆಟ್ರೊ ಸ್ಟೇಷನ್, ಕಬ್ಬನ್ ಪಾರ್ಕ್ ಅಂತ ಬರೆಯಬೇಡಿ. ಅನುಮತಿ ಇಲ್ಲದೆ ಟ್ರೈಪಾಡ್ ಬಿಚ್ಚಿದರೆ ಹತ್ತು ನಿಮಿಷದಲ್ಲಿ ಗಾರ್ಡ್ ಬಂದಿರುತ್ತಾರೆ. ಮನೆಯಲ್ಲಾದರೆ ಫ್ರಿಜ್ ಆಫ್ ಮಾಡಿ, ಅದರ ಗುಂಯ್ ಸದ್ದು ಮೈಕಿಗೆ ಕೇಳಿಸುತ್ತದೆ. ಆಫ್ ಮಾಡಿದ ಮೇಲೆ ನಿಮ್ಮ ಗಾಡಿ ಕೀ ಫ್ರಿಜ್ ಒಳಗೆ ಇಡಿ. ಮನೆಗೆ ಹೊರಡುವಾಗ ಕೀ ಹುಡುಕುತ್ತೀರಿ, ಫ್ರಿಜ್ ಆನ್ ಮಾಡುವುದು ನೆನಪಾಗುತ್ತದೆ. ಮನೆ ಕೊಟ್ಟವರ ಹಾಲು ಒಡೆದರೆ ಮುಂದಿನ ಸಲ ಮನೆ ಸಿಗುವುದಿಲ್ಲ. ಯಾರೂ ಮಾತಾಡದೆ ಆ ರೂಮಿನ ಮೌನವನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡು ಬನ್ನಿ. ಎಡಿಟಿಂಗ್‌ನಲ್ಲಿ ಅದು ಬಂಗಾರ.

ಕಡಿಮೆ ದಿನ ಅಂತ ಹೆದರಬೇಡಿ. ಎಂಬಿಬಿಎಸ್ ಮುಗಿಸಿ ಪುಣೆಯ ಸಿನಿಮಾ ಸಂಸ್ಥೆ ಎಫ್‌ಟಿಐಐ ಸೇರಿದ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ತಂದಿತು. ಅದರ ಶೂಟಿಂಗ್ ನಾಲ್ಕೇ ದಿನ. ಕಥೆ, ಹುಂಜ ಕದ್ದು ಊರಿಗೆ ಬೆಳಗಾಗದಂತೆ ಮಾಡುವ ಮುದುಕಿಯದ್ದು, ನಮ್ಮ ಕಡೆಯ ಜಾನಪದ.

ದುಡ್ಡು ಕೇಳಿದರೆ ಎದ್ದು ಬನ್ನಿ

"ಅಸಿಸ್ಟೆಂಟ್ ಡೈರೆಕ್ಟರ್ ಮಾಡ್ತೀವಿ, ಮೊದ್ಲು ಇಷ್ಟು ಕಟ್ಟಿ" ಅನ್ನುವವರು ಇದ್ದಾರೆ. ನಾನು ದುಡ್ಡು ಕೊಡಲಿಲ್ಲ, ಕೊಟ್ಟದ್ದು ಎರಡು ತಿಂಗಳು. ಒಂದು ಆಫೀಸಿನಲ್ಲಿ ಸ್ಕ್ರಿಪ್ಟ್ ಡಿಸ್ಕಷನ್ ಅಂತ ಕರೆದು, ನನ್ನ ಕೈಲಿ ಕಾಫಿ ತರಿಸಿ, ಡೈಲಾಗ್ ಟೈಪ್ ಮಾಡಿಸಿದರು. ಸಿನಿಮಾ ಶುರುವಾಗಲೇ ಇಲ್ಲ. ಈಗ ಕೇಳುವ ಮೂರು ಪ್ರಶ್ನೆ ಆಗ ಗೊತ್ತಿರಲಿಲ್ಲ. ಎಷ್ಟು ದಿನ? ಯಾರ ಕೈಕೆಳಗೆ? ಟೈಟಲ್ ಕಾರ್ಡಿನಲ್ಲಿ ಹೆಸರು ಬರುತ್ತದಾ? ಮೂರಕ್ಕೂ "ನೋಡೋಣ" ಅನ್ನುವ ಉತ್ತರ ಬಂದರೆ ನಮಸ್ಕಾರ ಹೇಳಿ.

ನಾನಾದರೆ ಹೀಗೆ ಮಾಡುತ್ತಿದ್ದೆ

ಮೊದಲ ವರ್ಷ ವಾರಾಂತ್ಯದ ಮದುವೆ, ವಾರದ ಸಂಜೆ ನಾಟಕ. ಎರಡೂ ಕ್ಲಾಸಿಗೆ ಅಡ್ಡ ಬರುವುದಿಲ್ಲ. ಒಂದು ಖರ್ಚಿಗೆ ಕೊಡುತ್ತದೆ, ಇನ್ನೊಂದು ನಟರನ್ನು ಕೊಡುತ್ತದೆ. ಆ ನಟರನ್ನೇ ಇಟ್ಟುಕೊಂಡು ವರ್ಷದ ಕೊನೆಗೆ ಐದು ನಿಮಿಷದ ಚಿತ್ರ. ಎರಡನೆಯ ವರ್ಷದ ರಜೆಯಲ್ಲಿ ಎಡಿಟಿಂಗ್ ರೂಮ್ ಒಂದು ತಿಂಗಳು. ದೊಡ್ಡ ಸೆಟ್ ಎಲ್ಲಕ್ಕಿಂತ ಕೊನೆಗೆ. ಆ ಹೊತ್ತಿಗೆ ಏನು ನೋಡಬೇಕು ಅಂತ ಗೊತ್ತಿರುತ್ತದೆ, ರಸ್ತೆ ತುದಿಯಲ್ಲಿ ನಿಲ್ಲಿಸಿದರೂ ಲೈಟ್ ಎಲ್ಲಿಂದ ಬರುತ್ತಿದೆ ಅಂತ ಕಣ್ಣು ಹೋಗುತ್ತದೆ. ಮನೆಯಲ್ಲಿ ದುಡ್ಡಿನ ಕಷ್ಟ ಇದ್ದರೆ ನಾಟಕ ಮುಂದಕ್ಕೆ ಹಾಕಿ, ಮದುವೆ ಮತ್ತು ಬಾಡಿಗೆ ಕ್ಯಾಮೆರಾದ ಕಡೆ ಮೊದಲು ಹೋಗಿ. ಬರೆಯುವ ಆಸೆಯವರು ಸೆಟ್ ಬಿಟ್ಟೇಬಿಟ್ಟರೂ ನಷ್ಟ ಇಲ್ಲ.

ಮತ್ತೆ ಆ ಮೆಸೇಜಿನ ವಿಷಯ. "ಅವಕಾಶ ಕೊಡಿ ಸಾರ್, ಸಿನಿಮಾ ನನ್ನ ಉಸಿರು" ಅಂತ ಬಂದದ್ದಕ್ಕೆ ಏನು ಉತ್ತರ ಕೊಡಬೇಕೋ ಇವತ್ತಿಗೂ ನನಗೆ ತಿಳಿಯದು. ಹೋದ ವರ್ಷ ದಾವಣಗೆರೆಯ ಒಬ್ಬ ಹುಡುಗಿ ಬರೆದಿದ್ದಳು: "ಸಾರ್, ಮೇ 5ರಿಂದ 30ರವರೆಗೆ ರಜೆ ಇದೆ. ಸಿಂಕ್ ಮಾಡೋಕೆ ಬರುತ್ತೆ, ಕಟ್ ಮಾಡೋಕೆ ಬರಲ್ಲ. ಹಾರ್ಡ್ ಡಿಸ್ಕ್ ನಂದೇ ಇದೆ. ಬೆಳಿಗ್ಗೆ ಎಷ್ಟು ಗಂಟೆಗೆ ಬರಲಿ?" ಒಂಬತ್ತಕ್ಕೆ ಬಾಮ್ಮ ಅಂತ ಬರೆದೆ. ಎಂಟೂಮುಕ್ಕಾಲಿಗೆ ಬಾಗಿಲಲ್ಲಿದ್ದಳು.